ಎಣಿಕೆಗೆ ಹೆಚ್ಚಾದ ಹುಡುಗಿ

ಟೀಚರ್ ತಮ್ಮ ಶಾಲೆಯ ಮಕ್ಕಳನ್ನು ಎಣಿಸಿದರು. ಒಂದು ತಲೆ ಹೆಚ್ಚಾಯಿತು.

ಆ ಹೆಚ್ಚಾದ ತಲೆ ನನ್ನ ಮಗಳದು.

ಹೋದ ವಾರ ಬೋನಾಳ ಕೆರೆಯ ದಂಡೆಯಲ್ಲಿ ನಡೆದದ್ದು. ಮನಸ್ಸಿನಿಂದ ಹೋಗುತ್ತಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ...

ನಾವು ಶಹಾಪುರದವರು. ಮಗಳು ಭೂಮಿಗೆ ಏಳು ವರ್ಷ, ಮಗ ತೇಜುಗೆ ನಾಲ್ಕು. ಇಬ್ಬರನ್ನೂ ಶಾಲೆಗೆ ಕಳಿಸುತ್ತಿಲ್ಲ. ಮನೆಯಲ್ಲೇ ನಾನು ಕಲಿಸುತ್ತೇನೆ.

ಭೂಮಿಗೆ ಮಾತು ತೊದಲುತ್ತದೆ. ಒಂದನೇ ಕ್ಲಾಸಿಗೆ ಸೇರಿದ ಮೇಲೆ ಹೊರಗಿನವರ ಜೊತೆ ಮಾತಾಡುವುದನ್ನೇ ಬಿಟ್ಟಳು. ಬರಬರುತ್ತ ಮನೆಯಲ್ಲೂ ಮಾತು ಕಡಿಮೆಯಾಯಿತು. ಆಗ ನಾನು ನನ್ನ ಟೀಚರ್ ಕೆಲಸ ಬಿಟ್ಟು ಅವಳನ್ನು ಮನೆಯಲ್ಲಿ ಉಳಿಸಿಕೊಂಡೆ.

ಮನೆಯಲ್ಲಿ ಅವಳು ಚೇತರಿಸಿಕೊಂಡಳು, ಅದು ಸುಳ್ಳಲ್ಲ. ಬಸ್ ಸ್ಟ್ಯಾಂಡಿನಲ್ಲಿ ಬೋರ್ಡು ಓದುತ್ತ ಓದುತ್ತ ಅಕ್ಷರ ಕಲಿತಳು. ಜೋಳದ ರೊಟ್ಟಿ ಮುರಿದು ಅರ್ಧ, ಕಾಲು ಕಲಿತಳು. ತಮ್ಮನಿಗೆ ಕಥೆ ಹೇಳುವಾಗ ಮಾತು ಸಿಕ್ಕಿಕೊಂಡರೆ ಒಂದು ಉಸಿರು ಎಳೆದುಕೊಂಡು ಮುಂದುವರಿಸುತ್ತಾಳೆ.

ಆದರೆ ಬೆಳಿಗ್ಗೆ ಸ್ಕೂಲ್ ವ್ಯಾನುಗಳು ಹೋದ ಮೇಲೆ ನಮ್ಮ ಓಣಿ ಖಾಲಿ. ಸಂಜೆ ಮಕ್ಕಳು ಬಂದರೂ ನೇರ ಟ್ಯೂಷನ್‌ಗೆ ಹೋಗುತ್ತಾರೆ.

ಹುಡುಗಿಗೆ ಏನಾದರೂ ಕಾಯಿಲೆಯೇ ಎಂದು ಓಣಿಯ ಹೆಂಗಸರು ಮೊದಮೊದಲು ಕೇಳುತ್ತಿದ್ದರು. ಈಗ ಅದನ್ನೂ ಕೇಳುವುದಿಲ್ಲ. ಜೊತೆಗೆ ಕೆಲಸ ಮಾಡಿದ ಟೀಚರುಗಳ ಫೋನೂ ನಿಂತುಹೋಗಿದೆ. ಯಜಮಾನರು ಹತ್ತಿ ಮಿಲ್‌ನಿಂದ ಬರುವ ತನಕ, ದೊಡ್ಡವರ ಜೊತೆ ನನ್ನ ಮಾತೆಂದರೆ ತರಕಾರಿ ಗಾಡಿಯ ಮುಂದೆ ಆಡುವ ನಾಲ್ಕು ಮಾತಷ್ಟೇ.

ಚಳಿಗಾಲಕ್ಕೆ ಬಂದ ಹಕ್ಕಿಗಳನ್ನು ತೋರಿಸೋಣ ಎಂದು ಅವತ್ತು ಇಬ್ಬರನ್ನೂ ಬಸ್ಸಿನಲ್ಲಿ ಸುರಪುರಕ್ಕೆ, ಅಲ್ಲಿಂದ ಆಟೋದಲ್ಲಿ ಬೋನಾಳಕ್ಕೆ ಕರೆದುಕೊಂಡು ಹೋಗಿದ್ದೆ. ನಾವು ಮೂವರೇ ದಂಡೆಯ ಮೇಲೆ ಕೂತು ಕೊಕ್ಕರೆ ನೋಡುತ್ತಿದ್ದೆವು. ಅಷ್ಟರಲ್ಲಿ ಒಂದು ಸ್ಕೂಲ್ ಬಸ್ ಬಂದು ನಿಂತಿತು. ಮಕ್ಕಳು ದಬದಬ ಇಳಿದರು.

ತೇಜುವಿನ ಚಪ್ಪಲಿ ಕೆಸರಿಗೆ ಸಿಕ್ಕಿತ್ತು. ಬಗ್ಗಿ ಅದನ್ನು ಎಳೆದು ತಲೆ ಎತ್ತುತ್ತೇನೆ... ಭೂಮಿ ಇಲ್ಲ.

ಮುಂದೆ ಬರೀ ನೀರು. ದಂಡೆಯುದ್ದಕ್ಕೂ ಕಣ್ಣಾಡಿಸಿದೆ.

ಆಮೇಲೆ ಕಂಡಳು. ನೀಲಿ ಯೂನಿಫಾರ್ಮಿನ ಮಕ್ಕಳು ಸಾಲಾಗಿ ನಿಂತಿದ್ದರು. ಆ ಸಾಲಿನ ಕೊನೆಯಲ್ಲಿ, ಹಳದಿ ಫ್ರಾಕಿನಲ್ಲಿ, ಮುಂದಿನ ಹುಡುಗಿಯ ಹೆಗಲ ಮೇಲೆ ಕೈ ಇಟ್ಟುಕೊಂಡು ನನ್ನ ಮಗಳು ನಿಂತಿದ್ದಾಳೆ.

ಟೀಚರ್ ಮಕ್ಕಳಿಂದಲೇ ನಂಬರ್ ಹೇಳಿಸುತ್ತಿದ್ದರು. ಒಂದು, ಎರಡು ಎಂದು ಕೂಗು ಹಿಂದಕ್ಕೆ ಬರುತ್ತಿತ್ತು. ಹೋಗಿ ಕರೆದುಕೊಂಡು ಬರಬೇಕು ಎನ್ನುವಷ್ಟರಲ್ಲಿ ಮುಂದಿನ ಹುಡುಗಿ ಇಪ್ಪತ್ತಾರು ಅಂದುಬಿಟ್ಟಳು.

ಭೂಮಿಯ ಬಾಯಿ ತೆರೆಯಿತು. ಮಾತು ಬರಲಿಲ್ಲ. ಆ ಮುಖ ನನಗೆ ಗೊತ್ತು. ಸಾಲಿಗೆ ಸಾಲೇ ಅವಳ ಕಡೆ ತಿರುಗಿತು. ಈಗ ಯಾರೋ ನಗುತ್ತಾರೆ ಅಂದುಕೊಂಡೆ.

ಯಾರೂ ನಗಲಿಲ್ಲ. ಮುಂದಿನ ಹುಡುಗಿ ಸುಮ್ಮನೆ ಕಾಯುತ್ತ ನಿಂತಳು.

"ಇ... ಇ... ಇಪ್ಪತ್ತೇಳು."

ನನ್ನ ತನಕ ಕೇಳಿಸಿತು.

ಟೀಚರ್ ಗಾಬರಿಯಾಗಿ ಬಂದು ಇವಳ ಮುಖ ನೋಡಿದರು. ನಾನು ಓಡಿಹೋಗಿ ಸಾರಿ ಕೇಳಿದೆ. ಮನೆಯಲ್ಲೇ ಕಲಿಯುವ ಹುಡುಗಿ ಎಂದೆ. ಅವರು ಹೇಳಿದರು: "ಊಟ ಆಗೋತನಕ ನಮ್ಮ ಜೋಡಿ ಇರ್ಲಿ ಬಿಡ್ರಿ ಮೇಡಂ. ನೀವೂ ಬರ್ರಿ."

ನಾನು ಹೋಗಲಿಲ್ಲ. ನಾನು ಪಕ್ಕದಲ್ಲಿದ್ದರೆ ಅವಳು ಮಾತಿಗಾಗಿ ನನ್ನ ಮುಖವನ್ನೇ ನೋಡುತ್ತಾಳೆ.

ತೇಜುವಿನ ಜೊತೆ ಜಾಲಿ ಗಿಡದ ನೆರಳಿನಲ್ಲಿ ಕೂತು ಬುತ್ತಿ ಬಿಚ್ಚಿದೆ. ದೂರದಲ್ಲಿ ಅವಳು ಯಾರದೋ ಡಬ್ಬಿಯ ಚಿತ್ರಾನ್ನ ತಿನ್ನುತ್ತ ನಗುತ್ತಿದ್ದಳು. ನನಗೆ ಖುಷಿಯಾಗಬೇಕಿತ್ತು. ಆಯಿತು ಕೂಡ. ಆದರೂ ನನ್ನ ಪಾಲಿನ ರೊಟ್ಟಿಯನ್ನು ತೇಜುವಿನ ಕಡೆ ಸರಿಸಿದೆ...

ಅವರ ಬಸ್ ಹೊರಟಿತು. ಧೂಳು ಅಡಗುವ ತನಕ ಭೂಮಿ ಕೈ ಬೀಸಿದಳು. ವಾಪಸ್ ಬರುವಾಗ, ಸಾಲಿನಲ್ಲಿ ಅವಳ ಮುಂದೆ ನಿಂತಿದ್ದ ಹುಡುಗಿಯ ಹೆಸರೇನು ಎಂದು ಕೇಳಿದೆ. ಕೇಳುವುದನ್ನೇ ಮರೆತಿದ್ದಳಂತೆ. ಕಿಟಕಿಯ ಕಡೆ ಮುಖ ಮಾಡಿ ಕೂತವಳು ಶಹಾಪುರ ಬರುವ ತನಕ ತಿರುಗಲಿಲ್ಲ.

ಸಂಜೆ ಯಜಮಾನರಿಗೆ ಎಲ್ಲ ಹೇಳಿದೆ. ಹಾಗಾದರೆ ಬರುವ ವರ್ಷ ಶಾಲೆಗೆ ಹಾಕೋಣ ಎಂದರು. ಅವರು ಭೂಮಿಯನ್ನೇ ಕರೆದು ಕೇಳಿದರು. ನಮ್ಮ ಕಡೆ ಶಾಲೆಗೆ ಸಾಲಿ ಎನ್ನುತ್ತೇವೆ.

"ಸಾಲಿಗಿ ಹೋಗ್ತಿಯೇನವ್ವಾ?"

ಅವಳು ಬಂದು ಅಪ್ಪನ ಪಕ್ಕ ಕೂತಳು.

"ಸಾಲಿ ಬ್ಯಾಡಪ್ಪಾ... ಹಂಗ ಸಾ... ಸಾಲಿನ್ಯಾಗ ನಿಂದ್ರಾದು ಬೇಕು."

ಯಜಮಾನರು ನಕ್ಕರು. ನನಗೆ ನಗು ಬರಲಿಲ್ಲ.

ಮರುದಿನ ಹತ್ತಿರದ ಶಾಲೆಯೊಂದಕ್ಕೆ ಹೋಗಿ, ಆಟದ ಪಿರಿಯಡ್‌ಗೆ ಮಾತ್ರ ಮಗಳನ್ನು ಕಳಿಸಲೇ ಎಂದು ಕೇಳಿದೆ. ಹೆಡ್‌ಮಾಸ್ತರರು ಒಳ್ಳೆಯವರು, ಕೂಡಿಸಿ ಚಹಾ ಕೊಟ್ಟರು. ಆದರೆ ಶಾಲೆಗೆ ಹೆಸರು ಹಚ್ಚದ ಮಗುವಿಗೆ ಏನಾದರೂ ಆದರೆ ಯಾರು ಹೊಣೆ ಎಂದರು. ಅವರ ಮಾತೂ ಸರಿಯೇ.

ನಿನ್ನೆ ಮಧ್ಯಾಹ್ನ ಅಂಗಳದಲ್ಲಿ ಭೂಮಿ ನಮ್ಮನ್ನು ಸಾಲು ನಿಲ್ಲಿಸಿದಳು. ಮುಂದೆ ತೇಜು, ನಡುವೆ ನಾನು, ಕೊನೆಗೆ ಅವಳು. ಓಣಿಯಲ್ಲಿ ಒಂದು ನರಪಿಳ್ಳೆ ಇಲ್ಲ. ತೇಜು ಒಂದು ಅಂದ, ನಾನು ಎರಡು ಅಂದೆ, ಅವಳು ತಡವರಿಸದೆ ಮೂರು ಅಂದಳು.

ಮೂರು ಅಂದ ಮೇಲೂ ಅವಳು ಹಿಂದಕ್ಕೆ ತಿರುಗಿ ನೋಡಿದಳು...

ಶಹಾಪುರ, ಸುರಪುರ, ಯಾದಗಿರಿ ಕಡೆ ಮಕ್ಕಳಿಗೆ ಮನೆಯಲ್ಲೇ ಕಲಿಸುವವರು ಒಬ್ಬರಾದರೂ ಇದ್ದೀರಾ?