ನೋಡಬಾರದ ಕೂಸು

ಟಿಕೋಟಾದ ಆ ಹೆಂಗಸು ನನ್ನ ಮೇಜಿನ ಮೇಲೆ ಒಣದ್ರಾಕ್ಷಿಯ ಪೊಟ್ಟಣ ಇಟ್ಟು, ನಾನು ಬೇಡ ಅನ್ನುವುದರೊಳಗೆ ಮಾತು ಶುರು ಮಾಡಿದ್ದಳು. ವಿಜಯಪುರದ ಆಪ್ತಸಮಾಲೋಚನಾ ಕೇಂದ್ರದಲ್ಲಿ ಕೂತು ಎಷ್ಟೋ ಅತ್ತೆಯರ ದೂರು ಕೇಳಿದವಳು ನಾನು. ಈಕೆ ಅಳಲಿಲ್ಲ, ಸೊಸೆಯನ್ನು ಬೈಯಲೂ ಇಲ್ಲ.

"ಹಡದ ಕೂಸಿನ್ನ ಆಕಿ ಕಣ್ಣೆತ್ತಿ ನೋಡವಲ್ಲಳ್ರಿ. ಮಂದಿ ಕೂಸು ಅಂತಾಳ. ಮೊದಲಿನವು ಎರಡೂ ಹೋಗ್ಯಾವ. ಇದಕ್ಕೂ ಏನರ ಆದ್ರ ಯಾರ ಜವಾಬ್ದಾರಿ? ಕೂಸಿನ್ನ ನಮ್ಮ ಮನಿಗಿ ಕೊಡಸ್ರಿ. ಆಕಿ ಬಂದ್ರ ಬರಲಿ, ಬರದಿದ್ರ ಬಿಡಲಿ."

ಆ ಕೊನೆಯ ಮಾತಿಗೆ ನನ್ನ ಮೈ ಉರಿಯಿತು. ಸೊಸೆ ಅಂದರೆ ಹಡೆದುಕೊಟ್ಟು ಬದಿಗೆ ಸರಿಯಬೇಕಾದ ಸಾಮಾನೇ? ಪೊಟ್ಟಣವನ್ನು ಅವಳ ಕಡೆಗೇ ತಳ್ಳಿ, ನಾಳೆ ಎರಡೂ ಮನೆಯವರು ಬನ್ನಿ, ಇವತ್ತು ನಾನು ಬಾಣಂತಿಯನ್ನು ನೋಡಿ ಬರುತ್ತೇನೆ ಅಂದೆ. ಸೊಸೆಯ ತವರಿಗೂ ಫೋನ್ ಮಾಡಿದೆ. ನನ್ನ ಅಭಿಪ್ರಾಯದಂತೆ ನಡೆಯುತ್ತೇವೆಂದು ಎರಡೂ ಕಡೆಯವರು ಒಪ್ಪಿದರು. ಅಂದರೆ ಹಾಲು ಕುಡಿಯುವ ಕೂಸು ಯಾರ ಮಡಿಲಲ್ಲಿ ಇರಬೇಕೆಂಬುದು ನನ್ನ ಬಾಯಿಯ ಮೇಲೆ ನಿಂತಿತ್ತು. ಇಂಥ ಗೌರವ ಯಾರಿಗೂ ಬೇಡ.

ಸಮಾಜಕಾರ್ಯದಲ್ಲಿ ಎಂ.ಎಸ್.ಡಬ್ಲ್ಯೂ ಓದುವಾಗ ಮನುಷ್ಯನ ನಡವಳಿಕೆಯ ಸಿದ್ಧಾಂತಗಳೆಂಬ ವಿಷಯದಲ್ಲಿ ನನಗೆ ಒಳ್ಳೆಯ ಅಂಕ ಬಂದಿತ್ತು. ಇಂಥದೇ ಒಂದು ಪ್ರಕರಣ ಕೊಟ್ಟು, ಬೇರೆ ಬೇರೆ ದೃಷ್ಟಿಕೋನಗಳಿಂದ ವಿವರಿಸಿ ಅನ್ನುತ್ತಿದ್ದರು. ತಾಯಿ-ಮಗುವಿನ ಬಾಂಧವ್ಯದ ಸಿದ್ಧಾಂತ ಒಂದು ಹೇಳುತ್ತಿತ್ತು, ಕಲಿಕೆಯ ಸಿದ್ಧಾಂತ ಇನ್ನೊಂದು ಹೇಳುತ್ತಿತ್ತು. ಮನುಷ್ಯನನ್ನು ಅವನ ಮನೆ, ಓಣಿ, ಊರಿನ ಜೊತೆಗಿಟ್ಟೇ ನೋಡಬೇಕೆನ್ನುವ ವ್ಯವಸ್ಥಾ ಸಿದ್ಧಾಂತ ಎಲ್ಲದಕ್ಕೂ ತಲೆಯಾಡಿಸುತ್ತಿತ್ತು. ಎಲ್ಲವನ್ನೂ ಬರೆದರೆ ಪೂರ್ತಿ ಅಂಕ. ಪ್ರಶ್ನೆಪತ್ರಿಕೆಯ ತಾಯಿ ಎಂದೂ ತಲೆಯೆತ್ತಿ, ಹಾಗಾದರೆ ಈಗ ನಾನೇನು ಮಾಡಲಿ ಅಂತ ಕೇಳಿದವಳಲ್ಲ.

ಬಸ್ಸಿನಲ್ಲಿ ಬಬಲೇಶ್ವರಕ್ಕೆ ಹೋಗಿ, ಅಲ್ಲಿಂದ ಟಂಟಂ ಆಟೋ ಹಿಡಿದು ಜೈನಾಪುರದ ದಾರಿಯಲ್ಲಿ ಇಳಿದೆ. ಹುಡುಗಿಯ ತವರು ದ್ರಾಕ್ಷಿ ತೋಟದ ಪಕ್ಕದ ಮನೆ. ಬಾಣಂತಿಯ ಕೋಣೆಯಲ್ಲಿ ಕಿಟಕಿ ಮುಚ್ಚಿತ್ತು. ಲೋಬಾನದ ಹೊಗೆ ಕಣ್ಣಿಗೆ ಅಡರಿತು. ಹುಡುಗಿ ಕಿವಿಗೆ ಬಟ್ಟೆ ಕಟ್ಟಿಕೊಂಡು ಹೊರಸಿನ ಮೇಲೆ ಗೋಡೆಗೆ ಒರಗಿದ್ದಳು. ಕೂಸು ಅವಳ ಹತ್ತಿರ ಇರಲಿಲ್ಲ. ಬಾಗಿಲ ಬಳಿ ಕೂತಿದ್ದ ಪಕ್ಕದ ಮನೆಯ ಬಳೆಗಾರ ಅಜ್ಜಿಯ ತೊಡೆಯ ಮೇಲಿತ್ತು.

"ಕೂಸು ಈ ಅಜ್ಜಿದ್ರಿ," ಅಂದಳು ಹುಡುಗಿಯ ತಾಯಿ, ನಾನು ಕೇಳುವ ಮೊದಲೇ. "ನಮ್ಮ ಬೀಗತಿಗೆ ಹೇಳಿದ್ರ ನಗತಾಳ್ರಿ. ಅವರ ಮನ್ಯಾಗ ಇಂಥಾವೆಲ್ಲಾ ಇಲ್ಲಂತ."

ನನಗೆ ಕೂಡಲೇ ತಿಳಿಯಿತು. ಹುಟ್ಟಿದ ಕೂಸುಗಳು ಉಳಿಯದಿದ್ದರೆ ಮುಂದಿನದಕ್ಕೆ ನಮ್ಮ ಕಡೆ ಹೀಗೆ ಮಾಡುವವರಿದ್ದಾರೆ. ಕೂಸನ್ನು ಮೊರದಲ್ಲಿ ಮಲಗಿಸಿ ಹೊಸ್ತಿಲ ಹೊರಗೆ ಇಡುತ್ತಾರೆ. ಮಕ್ಕಳು, ಮೊಮ್ಮಕ್ಕಳು ಎಲ್ಲ ಉಳಿದ ಹೆಂಗಸೊಬ್ಬಳು ಬಂದು, ಇದು ನನ್ನದು ಅಂತ ಎತ್ತಿಕೊಳ್ಳುತ್ತಾಳೆ. ಅವಳು ಯಾವ ಜಾತಿ, ಯಾವ ಧರ್ಮ ಅಂತ ಯಾರೂ ಕೇಳುವುದಿಲ್ಲ. ತೊಟ್ಟಿಲಿಗೆ ಹಾಕುವವರೆಗೆ ಹೆತ್ತವಳು ಬರೀ ಹಾಲು ಕೊಡುವವಳು. ತನ್ನದು ಅನ್ನಬಾರದು, ಕಣ್ತುಂಬ ನೋಡಬಾರದು, ನೋಡಿದರೆ ನೆದರು, ಅಂದರೆ ದೃಷ್ಟಿ, ತಾಗುತ್ತದೆ. ನನಗೆ ಇದನ್ನು ಕಂಡು ನಗಲು ಬಾಯಿಲ್ಲ. ನನ್ನನ್ನೂ ಹೀಗೇ ಮೊರದಲ್ಲಿ ಇಟ್ಟಿದ್ದರು.

ಮನಸ್ಸು ಹಗುರಾಯಿತು. ಟಿಕೋಟಾದವಳಿಗೆ ನಾಳೆ ಹೇಗೆ ಚುರುಕು ಮುಟ್ಟಿಸಬೇಕೆಂದು ಆಗಲೇ ಮಾತು ಜೋಡಿಸುತ್ತಿದ್ದೆ. ಅಷ್ಟರಲ್ಲಿ ಕೂಸು ಅತ್ತಿತು.

ಹಸಿದ ಅಳು. ಅಜ್ಜಿ ತೂಗಿದಳು, ಹುಡುಗಿಯ ತಾಯಿ ಹಾಲು ಕುಡಿಸುವ ಚಮಚ ತರಲು ಎದ್ದಳು. ಹುಡುಗಿ ಅಲುಗಲಿಲ್ಲ. ಎದೆಹಾಲು ಒಸರಿ ಕುಪ್ಪಸ ತೊಯ್ಯುತ್ತಿತ್ತು, ಅವಳಿಗೆ ಅದರ ಪರಿವೆಯೇ ಇಲ್ಲ. ನನ್ನ ಅವ್ವ ಈ ನೇಮದ ಬಗ್ಗೆ ಹೇಳುತ್ತಿದ್ದ ಮಾತು ನೆನಪಾಯಿತು. "ನೋಡಬ್ಯಾಡ ಅಂದಿದ್ರು, ಖರೆ. ಸೆರಗಿನ ಮರಿಯಾಗಿಂದ ನೋಡೇ ನೋಡ್ತಿದ್ನಿ. ಯಾರ ಬಿಡ್ತಾರ?" ಈ ನೇಮ ಇರುವುದೇ ತಾಯಂದಿರು ಕದ್ದು ಮುರಿಯಲಿ ಅಂತ. ಚಾಚೂ ತಪ್ಪದೆ ಪಾಲಿಸಿದವಳನ್ನು ನಾನು ಮೊದಲ ಸಲ ನೋಡುತ್ತಿದ್ದೆ.

ಅವಳು ಏನನ್ನು ನೋಡುತ್ತಿದ್ದಾಳೆ ಅಂತ ತಿರುಗಿದೆ. ಎದುರಿನ ಗೋಡೆಯ ಗೂಡಿನಲ್ಲಿ ದ್ರಾಕ್ಷಿಗೆ ಹೊಡೆಯುವ ಔಷಧದ ಡಬ್ಬಿ ಇತ್ತು. ತೋಟದ ಮನೆಗಳಲ್ಲಿ ಅದು ಎಲ್ಲಿ ಬೇಕಾದರೂ ಇರುತ್ತದೆ, ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಹುಡುಗಿಯ ಪಕ್ಕ ಹೋಗಿ ಕೂತು, ಇಂಥ ಹೊತ್ತಿನಲ್ಲಿ ಸುತ್ತಿ ಬಳಸಿ ಮಾತಾಡಬಾರದೆಂದು ಕಲಿತಿದ್ದರಿಂದ ನೇರವಾಗಿ ಕೇಳಿದೆ.

"ತಂಗಿ, ಸಾಯಬೇಕು ಅನಸ್ತೈತೇನು?"

"ಬಿಡ್ತು ಅನ್ರಿ ಅಕ್ಕಾರ," ಅಂದಳು ತಾಯಿ, ಚಮಚ ಕೈಯಲ್ಲೇ ಹಿಡಿದು. "ಹಸಿ ಬಾಣಂತಿ ಮುಂದ ಎಂಥಾ ಮಾತು."

ಹುಡುಗಿ ಮಾತ್ರ ಯಾರೋ ಕೊನೆಗೂ ಕೇಳಿದರಲ್ಲ ಅನ್ನುವಂತೆ ನನ್ನ ಕಡೆ ಮುಖ ತಿರುಗಿಸಿದಳು.

"ಮೊದಲಿನವು ಎರಡೂ ನನ್ನ ತೊಡಿಮ್ಯಾಲೇ ಹೋದುವ್ರಿ. ಭಾಳ ನೋಡತಿದ್ನಿ ಅವನ್ನ, ಹಗಲೆಲ್ಲಾ ನೋಡತಿದ್ನಿ. ಇದನ್ನ ನೋಡಬಾರದಂತ ಎಷ್ಟ ತಡಕೊಳ್ಳಲಿ? ಇವತ್ತಿಲ್ಲ ನಾಳಿ ನೋಡೇ ಬಿಡ್ತೀನಿ. ನಾನ ಇರದಿದ್ರ ಅದು ಉಳಿತೈತ್ರಿ."

ನನಗೆ ಹೆದರಿಕೆಯಾಯಿತು, ಮತ್ತು ಸಿಟ್ಟು ಬಂತು. ಯಾರ ಮೇಲೆ ಅಂತ ಇವತ್ತಿಗೂ ಗೊತ್ತಿಲ್ಲ. ಅತ್ತೆ ಇದನ್ನು ತಾತ್ಸಾರ ಅಂದಳು, ತಾಯಿ ನೇಮ ಅಂದಳು. ಎರಡೂ ಮಾತಿನ ನಡುವೆ ಈ ಹುಡುಗಿ, ತನ್ನ ಪ್ರೀತಿಯೇ ವಿಷ ಅಂದುಕೊಂಡು, ಗೋಡೆಯ ಗೂಡು ನೋಡುತ್ತ ಕೂತಿದ್ದಳು.

ಡಬ್ಬಿಯನ್ನು ಎತ್ತಿ ಹೊರಗೆ ಒಯ್ದು, ಅಂಗಳದಲ್ಲಿದ್ದ ಅವಳ ಅಪ್ಪನ ಕೈಗೆ ಕೊಟ್ಟು, ಇದು ಮನೆಯ ಹತ್ತಿರ ಎಲ್ಲೂ ಇರಬಾರದು ಅಂದೆ. ಒಳಗೆ ಬಂದು, ಈಗಲೇ ವಿಜಯಪುರದ ದೊಡ್ಡಾಸ್ಪತ್ರೆಗೆ ಹೊರಡಬೇಕು ಅಂದೆ. ತಾಯಿ ಬಾಗಿಲಿಗೆ ಅಡ್ಡ ನಿಂತಳು.

"ತೊಟ್ಲಾಗ ಹಾಕೂತನ ಬಾಣಂತಿ ಹೊಸ್ತಿಲ ದಾಟಂಗಿಲ್ರಿ. ಮತ್ತ ತಲಿ ಡಾಕ್ಟರ್ ಕಡೆ ಹೋದ್ಲು ಅಂದ್ರ ಟಿಕೋಟಾದಾಗ ಹುಚ್ಚಿ ಅಂತಾರ. ಕೂಸಿನ್ನ ಒಯ್ದೇ ಬಿಡ್ತಾರ. ಕೂಸು ಹೋದ್ರ ಇಕಿ ಉಳಿತಾಳೇನ್ರಿ?"

ಅವಳ ಹೆದರಿಕೆ ಸುಳ್ಳಲ್ಲ. ಕಾಯಿಲೆ, ಚಿಕಿತ್ಸೆ, ಕಾನೂನು ಅಂತ ನಾನು ಎಷ್ಟು ಹೇಳಿದರೂ ಆ ಬಾಗಿಲು ಬಿಡುವ ಹೆಂಗಸಾಗಿರಲಿಲ್ಲ. ಹುಡುಗಿಯನ್ನು ಆ ಕೋಣೆಯಲ್ಲಿ ಬಿಟ್ಟು ಬರುವವಳು ನಾನೂ ಆಗಿರಲಿಲ್ಲ. ಪಾಠದ ವ್ಯವಸ್ಥಾ ಸಿದ್ಧಾಂತ ಆಗ ನೆನಪಿಗೆ ಬಂತು ಅಂದರೆ ಜಂಬವಾದೀತು. ನನ್ನ ಕಣ್ಣಿಗೆ ಬಿದ್ದದ್ದು ಬಳೆಗಾರ ಅಜ್ಜಿ.

"ಅಜ್ಜಿ, ಈ ಕೂಸು ಯಾರದು?"

ಅಜ್ಜಿ ನನ್ನನ್ನು ಅನುಮಾನದಿಂದ ನೋಡಿದಳು. "ನಂದು. ಊರ ಮಂದಿ ಮುಂದ ಮೊರದಾಗಿಂದ ಎತ್ತೀನಿ."

"ಹಂಗಾರ ನಿಮ್ಮ ಕೂಸಿನ್ನ ನೀವು ಆಸ್ಪತ್ರಿಗೆ ಒಯ್ಯಬೋದಲ್ಲ? ಹಾಲ ಸರಿಯಾಗಿ ಸಿಗವಲ್ದು ಅದಕ್ಕ. ಹಾಲ ಕೊಡಾಕಿ ಜೋಡಿ ಬರಬೇಕಾಗತೈತಿ. ಬಾಣಂತಿ ಅಂತ ಅಲ್ಲ, ಹಾಲ ಕೊಡಾಕಿ ಅಂತ."

ಅಜ್ಜಿ ಕೂಸನ್ನು ಎದೆಗೆ ಒತ್ತಿಕೊಂಡು ಎದ್ದಳು. ತಾಯಿಯ ಮುಖವನ್ನೇ ನೋಡುತ್ತ, ದಾರಿ ಬಿಡು ಬೇ ಅಂದಳು. ತಾಯಿ ಮಗಳ ಚಪ್ಪಲಿ ಹುಡುಕಲು ಹೋದಳು.

ಟಂಟಂನಲ್ಲಿ ದಾರಿಯುದ್ದಕ್ಕೂ ನಾನು ಹುಡುಗಿಯ ಮುಂಗೈ ಬಿಡಲಿಲ್ಲ. ತಗ್ಗು ಬಂದಾಗಲೆಲ್ಲ ಅವಳು ತೆರೆದ ಬದಿಗೆ ವಾಲುತ್ತಿದ್ದಳು, ನಾನು ಒಳಕ್ಕೆ ಎಳೆದುಕೊಳ್ಳುತ್ತಿದ್ದೆ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಎಲ್ಲ ಕೇಳಿ, ಹೆರಿಗೆಯ ನಂತರ ಬರುವ ಕಾಯಿಲೆ ಇದು, ಗುಣವಾಗುತ್ತದೆ ಅಂದರು. ಒಬ್ಬಳನ್ನೇ ಬಿಡಬೇಡಿ, ಕೂಸು ಜೊತೆಗಿರಲಿ, ಯಾರಾದರೂ ಸದಾ ಪಕ್ಕದಲ್ಲಿರಲಿ ಅಂತ ದಾಖಲು ಮಾಡಿಕೊಂಡರು. ಮರುದಿನದ ಸಭೆಯನ್ನು ಮುಂದೆ ಹಾಕಿದೆ. ಅತ್ತೆಗೆ ಫೋನಿನಲ್ಲಿ, ಸೊಸೆಗೆ ಕಾಯಿಲೆ, ತಾನು ನೋಡಿದರೆ ಕೂಸು ಉಳಿಯದೆಂದು ಹೆದರಿದ್ದಾಳೆ, ಕೂಸನ್ನು ಅವಳಿಂದ ಬೇರೆ ಮಾಡುವುದು ನನ್ನ ಅಭಿಪ್ರಾಯವಲ್ಲ ಅಂತ ಹೇಳಿದೆ. ಅವಳು ಫೋನ್ ಇಟ್ಟುಬಿಟ್ಟಳು. ಇನ್ನೇನು ಮಾಡುವಳೋ ಎಂಬ ಚಿಂತೆ ನನ್ನನ್ನು ದಿನಗಟ್ಟಲೆ ಕಾಡಿತು.

ಕಡೆಗೆ ಒಂದು ಮಧ್ಯಾಹ್ನ ಅವಳು ವಾರ್ಡಿಗೇ ಬಂದಳು. ಕಂಕುಳಲ್ಲಿ ಕೂಸನ್ನು ಸುತ್ತುವ ಹೊಸ ದುಪ್ಪಟಿ ಇತ್ತು. ಒಯ್ಯಲಿಕ್ಕೇ ಬಂದಿದ್ದಾಳೆಂದು ತಿಳಿದು ನಾನು ಎದ್ದು ನಿಂತೆ. ಸೊಸೆ ಅವಳನ್ನು ಗಮನಿಸಲಿಲ್ಲ. ಔಷಧಿಯಿಂದ ನಿದ್ದೆ ಮಾಡಿ ಎದ್ದ ಮುಖ, ಮೊದಲಿಗಿಂತ ಸ್ವಲ್ಪ ಗೆಲುವಾಗಿತ್ತು. ಕೂಸು ಬಳೆಗಾರ ಅಜ್ಜಿಯ ತೊಡೆಯ ಮೇಲೆ ಕೈಕಾಲು ಬಡಿಯುತ್ತಿತ್ತು. ಹುಡುಗಿ ಗೋಡೆಯ ಕಡೆ ಮುಖ ಮಾಡಿಕೊಂಡೇ ಕೇಳಿದಳು.

"ಅಜ್ಜಿ, ನಿಮ್ಮ ಕೂಸಿನ್ನ ಒಂದ ಸಲ ನೋಡ್ಲ್ಯಾ?"

ಟಿಕೋಟಾದ ಅತ್ತೆ ದುಪ್ಪಟಿಯನ್ನು ಹಾಸಿಗೆಯ ಕಾಲಬದಿಗೆ ಇಟ್ಟಳು. ಅಜ್ಜಿಯ ತೊಡೆಯಿಂದ ಕೂಸನ್ನು ಎತ್ತಿ ಸೊಸೆಯ ಪಕ್ಕ ಮಲಗಿಸಿ, ಅದರ ಮುಖ ಅವಳ ಕಡೆ ತಿರುಗಿಸಿದಳು.

"ನೋಡು," ಅಂದಳು. "ನಾನೂ ಇಲ್ಲೇ ಕುಂತಿರ್ತೀನಿ."