ಕೋಳಿಗೂಡಿನ ಬಲ್ಬು ಲೆಕ್ಕಕ್ಕಿಲ್ಲ

ಆಯೋರ್ಕೊರ್‌ಳ ನಾಲಗೆಗೆ ಹೆದರದವರು ಅಕ್ರಾ ನಗರದ ಬುಕೊಮ್ ಕೇರಿಯಲ್ಲಿ ಇರಲಿಲ್ಲ. ಆದರೂ ಜಡೆ ಹೆಣೆಸಿಕೊಳ್ಳಲು ಎಲ್ಲರೂ ಬರುತ್ತಿದ್ದುದು ಅವಳ ಜಗಲಿಗೇ. ಮೀನು ಮಾರುವ ಹೆಂಗಸರಿಗೆ ಬಿಡುವಾಗುವುದು ಹೊತ್ತು ಮುಳುಗಿದ ಮೇಲೆ. ಕೂದಲು ಎಳೆಯೆಳೆಯಾಗಿ ಕಾಣಬೇಕಾದರೆ ಬೆಳಕು ಬೇಕು. ತಂತಿ ಕಾದು ಉರಿಯುವ ಹಳದಿ ಬಲ್ಬೊಂದು ಕುಡಿಯುವ ಕರೆಂಟಿನಲ್ಲಿ ಮೂರು ಎಲ್‌ಇಡಿ ಉರಿದು ಇನ್ನೂ ಮಿಗುತ್ತದೆ ಎಂದು ತಿಳಿದು, ಇದ್ದ ಒಂದು ಹಳೆಯದನ್ನು ಬಿಚ್ಚಿಟ್ಟು ಮೂರು ಎಲ್‌ಇಡಿ ಹಾಕಿಸಿದಳು.

ಎಡವಟ್ಟಾದದ್ದು ಅಲ್ಲೇ. ಅವಳಿದ್ದ ವಠಾರಕ್ಕೆಲ್ಲ ಒಂದೇ ಮೀಟರು. ಬಿಲ್ಲು ಬಂದರೆ ಬಲ್ಬಿನ ತಲೆ ಎಣಿಸಿ ಹಂಚುವುದು ಪದ್ಧತಿ. ಯಾವ ಬಲ್ಬು ಎಷ್ಟು ನುಂಗುತ್ತದೆಂದು ಕೇಳುವವರಿಲ್ಲ. ಎಣಿಸುವವನು ಮನೆಯೊಡೆಯನ ತಮ್ಮ, ಅಟಾ ಕ್ವೇಯಿ. ಅವನ ಕೋಳಿಗೂಡಿನಲ್ಲಿ ಮರಿಗಳ ಕಾವಿಗೆಂದು ದಪ್ಪ ಹಳದಿ ಬಲ್ಬೊಂದು ಹಗಲೂ ರಾತ್ರಿ ಉರಿಯುತ್ತಿತ್ತು. ಕೋಳಿಗಳು ಬಾಡಿಗೆದಾರರಲ್ಲ, ಆದ್ದರಿಂದ ಅದು ಲೆಕ್ಕಕ್ಕಿಲ್ಲ.

ಹೀಗೆ ಕರೆಂಟು ಉಳಿಸಿದವಳ ಪಾಲು ಮೂರು ಪಟ್ಟಾಯಿತು. ಕೊಡುವುದಿಲ್ಲ ಎಂದಳು.

“ಭಾನುವಾರದೊಳಗೆ ಕೊಡ್ಲಿಲ್ಲ ಅಂದ್ರೆ ವೈರು ಕತ್ತರಿಸ್ತೀನಿ,” ಎಂದ ಕ್ವೇಯಿ.

ವೈರು ಹೋದರೆ ಜಡೆ ಹೋಯಿತು, ಜಡೆ ಹೋದರೆ ಹೊಟ್ಟೆಪಾಡೇ ಹೋಯಿತು.

ಭಾನುವಾರ ಸಂಜೆ ಅವನು ಇಕ್ಕಳ ಹಿಡಿದು ಬಂದ. ವಠಾರವೂ ಹಿಂದೆಯೇ ಬಂತು.

“ಕತ್ತರಿಸು ಅಟಾ, ಯಾರು ಬೇಡ ಅಂದ್ರು? ಅದಕ್ಕೆ ಮುಂಚೆ ಇದನ್ನೊಂದಿಷ್ಟು ಹಿಡ್ಕೊ.”

ತಲೆಗೆ ಹಚ್ಚುವ ಶಿಯಾ ಬೀಜದ ಬೆಣ್ಣೆಯ ಉಂಡೆಯನ್ನು ತಗಡಿನ ಮುಚ್ಚಳದಲ್ಲಿಟ್ಟು ಅವನ ಕೈಗೆ ಕೊಟ್ಟಳು. ಉರಿಯುತ್ತಿದ್ದ ತನ್ನ ಬಲ್ಬಿಗೆ ತಾಗಿಸಿ ಹಿಡಿಸಿದಳು. ಬೆಣ್ಣೆ ಕದಲಲಿಲ್ಲ.

“ಈಗ ಗೂಡಿಗೆ ನಡಿ.”

“ಅಲ್ಯಾಕೆ?”

“ಯಾಕೆ, ಕೋಳಿಗೆ ನಾಚಿಕೆಯಾ?”

ನಗುವವರೆದುರು ಹಿಂದೆ ಸರಿಯಲಾಗದೆ ಗೂಡಿನತ್ತ ನಡೆದ. ಹಳದಿ ಬಲ್ಬಿಗೆ ತಾಗಿಸಿದ್ದೇ ಬೆಣ್ಣೆ ನೀರಾಯಿತು, ಮುಚ್ಚಳ ಕಾದು ಹೆಬ್ಬೆರಳು ಸುಟ್ಟಿತು, ಎಣ್ಣೆಯೆಲ್ಲ ಅವನ ಅಂಗಿಗೆ ಸುರಿಯಿತು.

“ಅಯ್ಯೋ ಅಯ್ಯೋ!”

“ಬೆಣ್ಣೆ ಕರಗಿಸೋ ಬಲ್ಬು ನಮ್ಮ ದುಡ್ಡು ಕರಗಿಸದೆ ಬಿಡ್ತದಾ?” ಎಂದಳು ಆಯೋರ್ಕೊರ್.

ಮೀನು ಹೊಗೆಯಾಡಿಸುವ ಮುದುಕಿ ಕೊಶೀ ಸೊಂಟಕ್ಕೆ ಕೈಯಿಟ್ಟಳು. “ಅಂದ್ರೆ ಇಷ್ಟು ವರ್ಷ ಇವನ ಕೋಳಿ ಸಾಕಿದ್ದು ನಾವಾ? ಹಂಗಾದ್ರೆ ಕ್ರಿಸ್‌ಮಸ್ಸಿಗೆ ನನಗೊಂದು ತೊಡೆ ಕಳಿಸು ಮಾರಾಯ!”

ಅಲ್ಲಿಯೇ ಹೊಸ ಪದ್ಧತಿ ಹುಟ್ಟಿತು: ಬೆಣ್ಣೆ ಕರಗಿಸುವ ಬಲ್ಬು ಎಲ್ಲೇ ಇರಲಿ, ಹತ್ತು ತಲೆಗೆ ಸಮ, ಕರಗಿಸದ್ದು ಒಂದೇ ತಲೆ. ಇಕ್ಕಳ ಜೇಬು ಸೇರಿತು. ಕ್ವೇಯಿ ಸಿಟ್ಟಿಗೆ ಹಳದಿ ಬಲ್ಬನ್ನು ಬಿಚ್ಚಿ ಚರಂಡಿಗೆಸೆದು, ಗೂಡಿಗೂ ಎಲ್‌ಇಡಿ ಹಾಕಿದ.

ಮರುದಿನ ಸಂಜೆ ಅವನೇ ಜಗಲಿಯ ಕಂಬ ಕೆರೆಯುತ್ತ ನಿಂತಿದ್ದ. ಗೂಡಿನಲ್ಲಿ ಮರಿಗಳು ಬಲ್ಬನ್ನು ನೋಡಿ ನೋಡಿ ಚೀರುತ್ತಿದ್ದವು.

“ಬೆಳಕೇನೋ ಬಂತು ಕಣೇ, ಕಾವೇ ಬರ್ಲಿಲ್ಲ. ನೀನು ಬಿಚ್ಚಿಟ್ಟ ಹಳದಿ ಬಲ್ಬು ಇದೆಯಾ?”

“ಇದೆ. ಬಿಟ್ಟಿ ತಗೊಂಡು ಹೋಗು,” ಎಂದಳು, ಹೆಣೆಯುವ ಕೈ ನಿಲ್ಲಿಸದೆ. “ಲೆಕ್ಕಕ್ಕೆ ಮಾತ್ರ ಹತ್ತು.”

ಅವನು ಹಲ್ಲು ಕಡಿದು ತಲೆಯಾಡಿಸಿ ಒಪ್ಪಿದ.

“ಎಲ್ಲಿ, ಆ ಹೆಬ್ಬೆರಳು ತೋರ್ಸು ಅಟಾ. ಒಂಚೂರು ಬೆಣ್ಣೆ ಹಚ್ತೀನಿ.”