ಎದುರಿಗೆ ನಿಂತು ಕಂಡ ಕೈ

1998ರ ಒಂದು ಶನಿವಾರ ಮಧ್ಯಾಹ್ನ, ಹಿರಿಯೂರಿನ ಕಾಲೇಜೊಂದರಲ್ಲಿ ಲ್ಯಾಬ್ ಅಟೆಂಡರ್ ಮೂಡಲಗಿರಿಯಪ್ಪ ನೆಲದ ಮೇಲೆ ಕೂತು ಎರಡು ಕತ್ತಾಳೆ ಹಗ್ಗಗಳ ನಡುವೆ ಬಣ್ಣದ ಕಡ್ಡಿ ಕಟ್ಟುತ್ತಿದ್ದ. ಸೋಮವಾರದ ಪಾಠಕ್ಕೆ ಡಿಎನ್‌ಎ ಮಾದರಿ ಬೇಕಿತ್ತು. ಪ್ಲಾಸ್ಟಿಕ್ಕಿನ ಹಳೆಯದು ಮುರಿದಿತ್ತು. ತನ್ನೂರು ಯಲ್ಲದಕೆರೆಯಲ್ಲಿ ಹಗ್ಗ ಹೊಸೆದವನು ತಾನಿದ್ದೇನಲ್ಲ ಎಂದು ಇವನೇ ಒಪ್ಪಿಕೊಂಡಿದ್ದ.

ಜೀವಶಾಸ್ತ್ರದ ಯಶೋಧಾ ಮೇಡಂ ವಿವರಿಸಿದ್ದು ತಲೆಗೆ ಹತ್ತಿತ್ತು. ಎರಡು ಎಳೆ, ನಡುವೆ ಏಣಿಯಂತೆ ಮೆಟ್ಟಿಲು. ಪ್ರತಿ ಮೆಟ್ಟಿಲೂ ಎರಡು ತುಂಡಿನ ಜೋಡಿ: ಕೆಂಪಿಗೆ ಹಸಿರೇ, ನೀಲಿಗೆ ಹಳದಿಯೇ. ಒಂದು ಎಳೆ ಗೊತ್ತಿದ್ದರೆ ಇನ್ನೊಂದನ್ನು ಹೇಳಬಹುದು. ಕಡೆಗೆ ಇಡೀ ಏಣಿಯನ್ನು ಹುರಿಯಂತೆ ತಿರುಚಬೇಕು.

ಟೈಪಿಸ್ಟ್ ರಾಜಕುಮಾರ್ ಬಾಗಿಲಲ್ಲಿ ಇಣುಕಿದ. “ಏನಪ್ಪ ಗಿರಿಯಪ್ಪ, ಎಮ್ಮೆ ಕಟ್ಟಾಕಾ?”

“ನಿನ್ನ ಕಟ್ಟಾಕೆ ಕಣಲೇ, ಹೋಗು.”

ಅವನು ನಗುತ್ತಾ ಹೋದ. ಕಾಲೇಜು ಖಾಲಿಯಾಯಿತು.

ಗಿರಿಯಪ್ಪ ಏಣಿಯ ಒಂದು ತುದಿಯನ್ನು ಕಿಟಕಿಯ ಸರಳಿಗೆ ಬಿಗಿದ. ಊರಲ್ಲಿ ಹುರಿ ತಿರುಗಿಸುತ್ತಿದ್ದವಳು ಹೆಂಡತಿ ದುರುಗಕ್ಕ. ಇವನು ಎದುರು ನಿಂತು ನಾರು ಕೊಡುತ್ತಾ ಹಿಂದೆ ಸರಿಯುತ್ತಿದ್ದ. ಅವಳು ತೀರಿಕೊಂಡ ಮೇಲೆ ಮುಖ ಮಸುಕಾಗುತ್ತಾ ಬಂದಿತ್ತು. ಬಾಡಿಗೆ ಕೋಣೆಯಲ್ಲಿ ಒಬ್ಬನೇ ಕೂತಾಗ ಕಣ್ಣಿಗೆ ಕಟ್ಟುತ್ತಿದ್ದುದು ಆ ಕೈ ಒಂದೇ. ಅದು ತಿರುಗುತ್ತಿದ್ದುದನ್ನು ಕಂಡ ಹಾಗೆಯೇ ಈಗ ಏಣಿಯ ಇನ್ನೊಂದು ತುದಿ ಹಿಡಿದು ತನ್ನ ಕೈಯನ್ನು ಬಲಕ್ಕೆ ತಿರುಗಿಸಿದ.

ಯಶೋಧಾ ಚೀಲ ಹೆಗಲಿಗೇರಿಸಿ ಬಂದರು. “ಚೆನ್ನಾಗಿ ಬಂದಿದೆ. ಆದ್ರೆ ಗಿರಿಯಪ್ಪನವರೇ, ತಿರುವು ಉಲ್ಟಾ ಆಗಿದೆ.” ಪುಸ್ತಕದ ಚಿತ್ರ ತೋರಿಸಿದರು. ಮುಂದೆ ಕಾಣುವ ಎಳೆ ಬಲಕ್ಕೆ ಏರಬೇಕು. ಇವನದು ಎಡಕ್ಕೆ ಏರಿತ್ತು.

“ಇಲ್ಲ ಮೇಡಂ. ನಮ್ಮಾಕಿ ತಿರುಗಿಸ್ತಿದ್ದಿದ್ದೇ ಹಿಂಗೆ. ಅಷ್ಟು ವರ್ಷ ಎದುರಿಗೇ ನಿಂತು ನೋಡೀನಿ.”

ಹೇಳಿದ ಮೇಲೆ ಅವನಿಗೇ ಹೊಳೆಯಿತು. ಎದುರಿಗೆ ನಿಂತು ನೋಡಿದ್ದು. ಇವನಿಗೆ ಬಲಕ್ಕೆ ಹೋದಂತೆ ಕಂಡ ಕೈ, ಅವಳಿಗೆ ಎಡಕ್ಕೆ ಹೋಗುತ್ತಿತ್ತು. ಅವಳ ಜಾಗದಲ್ಲಿ ಅವನು ಒಂದು ದಿನವೂ ನಿಂತಿರಲಿಲ್ಲ.

“ಬೇಜಾರಾಯ್ತಾ?” ಎಂದರು ಯಶೋಧಾ. ಅವರ ಚಿತ್ರದುರ್ಗದ ಬಸ್ಸಿಗೆ ಹೊತ್ತಾಗಿತ್ತು.

“ಏನಿಲ್ಲ. ಹೋಗ್ಬರ್ರಿ, ಸರಿ ಮಾಡ್ತೀನಿ.”

ಅವರ ಚಪ್ಪಲಿ ಸದ್ದು ಮೆಟ್ಟಿಲಿಳಿದು ನಿಂತಿತು. ಗಿರಿಯಪ್ಪ ಹುರಿ ಪೂರ್ತಿ ಬಿಚ್ಚಿ ಏಣಿಯನ್ನು ಚಪ್ಪಟೆ ಮಾಡಿದ. ಮತ್ತೆ ಕಿಟಕಿಗೆ ಎದುರಾಗಿ ನಿಂತು ಕೈಯನ್ನು ಅವಳಂತೆ ಎಡಕ್ಕೆ ತಿರುಗಿಸಿದ. ಅದು ಒಗ್ಗಲಿಲ್ಲ. ಎರಡು ಸಲ ಕೈ ತಾನಾಗಿಯೇ ಹಳೆಯ ದಿಕ್ಕಿಗೆ ಹೊರಳಿತು.

ಸೋಮವಾರ ಮೊದಲ ಪೀರಿಯಡ್ಡಿಗೆ ಮಾದರಿ ಕರಿಹಲಗೆಯ ಪಕ್ಕ ನೇತಾಡುತ್ತಿತ್ತು. ಎಳೆ ಬಲಕ್ಕೆ ಏರಿತ್ತು.